ಮರಿ ಪ್ರಾಸೆಸ್ ನಿಮ್ಮ ಫೈಲನ್ನು ಮತ್ತೆ ಓದುತ್ತದೆ: ಪೈಥಾನ್ ಮಲ್ಟಿಪ್ರಾಸೆಸಿಂಗ್ ದೋಷ ನಿವಾರಣೆ

"ಮಾಮಾ, ಪ್ರೋಗ್ರಾಮ್ ನಿಲ್ತಾನೇ ಇಲ್ಲ. ಸ್ಕ್ರೀನ್ ತುಂಬಾ ಎರರ್ ಓಡ್ತಾ ಇದೆ."

ರಾತ್ರಿ ಹತ್ತೂವರೆಗೆ ಅಕ್ಕನ ಮಗನ ಫೋನ್. "ಮೊದಲು ಕಂಟ್ರೋಲ್-ಸಿ ಒತ್ತೋ, ಆಮೇಲೆ ಮಾತು" ಅಂದೆ. "ಒತ್ತಿದೆ, ಇನ್ನೂ ಜಾಸ್ತಿ ಆಯ್ತು" ಅಂದ. ಕೊನೆಗೆ ಆ ಟರ್ಮಿನಲ್ ಕಿಟಕಿಯನ್ನೇ ಮುಚ್ಚಿಸಿದೆ.

ಅವನ ಪ್ರೋಗ್ರಾಮ್ ದೊಡ್ಡದೇನಲ್ಲ. ಒಂದು ಫೋಲ್ಡರ್ ತುಂಬಾ ಕನ್ನಡ ಟೆಕ್ಸ್ಟ್ ಫೈಲುಗಳು. ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು. ಫೈಲುಗಳು ಜಾಸ್ತಿ ಇದ್ದವು. ಹಾಗಾಗಿ ಪೈಥಾನಿನ ಮಲ್ಟಿಪ್ರಾಸೆಸಿಂಗ್ ಮಾಡ್ಯೂಲ್ ಬಳಸಿ ಕೆಲಸವನ್ನು ನಾಲ್ಕು ಪ್ರಾಸೆಸ್‌ಗಳಿಗೆ (ಒಟ್ಟಿಗೆ ಓಡುವ ಬೇರೆ ಬೇರೆ ಪ್ರೋಗ್ರಾಮುಗಳಿಗೆ) ಹಂಚಿದ್ದ. ಕಾಲೇಜಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡುತ್ತಿತ್ತು. ಮನೆಯ ವಿಂಡೋಸ್ ಲ್ಯಾಪ್‌ಟಾಪಿಗೆ ತಂದ ಕೂಡಲೇ ಈ ಗತಿ.

ಆ ಒಂದೇ ಪ್ರೋಗ್ರಾಮ್ ಒಂದೇ ವಾರದಲ್ಲಿ ಮೂರು ತರ ಕೆಟ್ಟಿತು. ಮೊದಲ ಸಲ ಕೂಗಾಡಿತು. ಎರಡನೇ ಸಲ ಸದ್ದಿಲ್ಲದೆ ತಪ್ಪು ಲೆಕ್ಕ ಕೊಟ್ಟಿತು. ಮೂರನೇ ಸಲ ಬೇರೆಯವರ ಕಂಪ್ಯೂಟರನ್ನೇ ಕಟ್ಟಿ ಹಾಕಿತು. ಮೂರಕ್ಕೂ ಬೇರು ಒಂದೇ: ಸ್ಪಾನ್ ಆದ, ಅಂದರೆ ಹೊಸ ಪೈಥಾನ್ ಆಗಿ ಶುರುವಾದ, ಮರಿ ಪ್ರಾಸೆಸ್ ತಾಯಿಯ ನಕಲಲ್ಲ. ಅದು ಖಾಲಿ ತಲೆಯಲ್ಲಿ ಹುಟ್ಟಿ, ನಿಮ್ಮ ಮುಖ್ಯ ಫೈಲನ್ನು ಮೊದಲ ಸಾಲಿನಿಂದ ತಾನೇ ಓದಿಕೊಳ್ಳುತ್ತದೆ. ಚೈಲ್ಡ್ ಪ್ರಾಸೆಸ್ ಅನ್ನುವುದನ್ನು ನಾನು ಮರಿ ಅಂತಲೇ ಕರೆಯುತ್ತೇನೆ. ಪೇರೆಂಟ್ ಅಂದರೆ ತಾಯಿ.

ಕೋಡ್ ಸಾಲುಗಳನ್ನು ಇಲ್ಲಿ ಓದುವ ಉಚ್ಚಾರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಪೈಥಾನಿನ ಪದಗಳನ್ನು ಎಂದಿನ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ಆದರೆ ಎಣಿಸು, ತಯಾರಿ, ಬಿಡು ಅನ್ನುವಂತಹ ಹೆಸರುಗಳನ್ನು ಕನ್ನಡದಲ್ಲೇ ಬಿಡಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ.

ಮೊದಲು ಎರಡು ಸಾಲು ಹಾಕಿ ನೋಡಿ

ಏನೇ ದೋಷ ಇರಲಿ, ಊಹೆ ಮಾಡುತ್ತಾ ಕೂರಬೇಡಿ. ಮುಖ್ಯ ಫೈಲಿನ ತಲೆಯ ಮೇಲೆ ಇಷ್ಟು ಹಾಕಿ:

ಇಂಪೋರ್ಟ್ ಓಎಸ್
ಪ್ರಿಂಟ್(ಓಎಸ್.ಗೆಟ್‌ಪಿಡ್(), __ನೇಮ್__)

ಈಗ ಓಡಿಸಿ. ವಿಂಡೋಸಿನಲ್ಲಿ, ಎರಡು ಮರಿಗಳಿದ್ದರೆ, ಸುಮಾರು ಹೀಗೆ ಬರುತ್ತದೆ:

4120 __ಮೇನ್__
4132 __ಎಂಪಿ_ಮೇನ್__
4136 __ಎಂಪಿ_ಮೇನ್__

ನೀವು ಪ್ರೋಗ್ರಾಮ್ ಓಡಿಸಿದ್ದು ಒಂದೇ ಸಲ. ಪ್ರಿಂಟ್ ಆದದ್ದು ಮೂರು ಸಲ. ಪ್ರಾಸೆಸ್ ಸಂಖ್ಯೆ ಮೂರೂ ಬೇರೆ. ಜೊತೆಗೆ ಹೆಸರು ಕೂಡ ಬದಲಾಗಿದೆ. ತಾಯಿಯಲ್ಲಿ ಫೈಲಿನ ಹೆಸರು __ಮೇನ್__, ಮರಿಯಲ್ಲಿ __ಎಂಪಿ_ಮೇನ್__. ಈ ಹೆಸರಿನ ವ್ಯತ್ಯಾಸವನ್ನು ಪೈಥಾನಿನವರು ಬೇಕೆಂದೇ ಇಟ್ಟಿದ್ದಾರೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ಸಾಲೊಂದೇ ಬಂದು ಉಳಿದವು ಬರದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಫೋರ್ಕ್ ನಡೆಯುತ್ತಿದೆ. ಇಲ್ಲವೇ ಮರಿಗೆ ಮುಖ್ಯ ಫೈಲ್ ಎಲ್ಲಿದೆ ಅಂತಲೇ ಗೊತ್ತಾಗಿಲ್ಲ. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಮಲ್ಟಿಪ್ರಾಸೆಸಿಂಗ್‌ನ ಗೆಟ್_ಸ್ಟಾರ್ಟ್_ಮೆಥಡ್() ಅನ್ನು ಪ್ರಿಂಟ್ ಮಾಡಿಸಿ. ಉತ್ತರ ಮೂರರಲ್ಲಿ ಒಂದು: ಫೋರ್ಕ್, ಸ್ಪಾನ್, ಫೋರ್ಕ್‌ಸರ್ವರ್.

ಫೋರ್ಕ್ ಅಂದರೆ ಝೆರಾಕ್ಸ್. ತಾಯಿಯ ಮೆಮೊರಿಯಲ್ಲಿ ಆ ಕ್ಷಣ ಏನಿತ್ತೋ ಅದೆಲ್ಲ ಮರಿಗೂ ಸಿಗುತ್ತದೆ. ಫೈಲನ್ನು ಮತ್ತೆ ಓದುವ ಮಾತೇ ಇಲ್ಲ. ಸ್ಪಾನ್ ಅಂದರೆ ಹೊಸ ಪೈಥಾನ್, ಸೊನ್ನೆಯಿಂದ ಶುರು. ಫೋರ್ಕ್‌ಸರ್ವರ್ ನಡುವಿನದು. ಅದರಲ್ಲಿ ಒಂದು ಚಿಕ್ಕ ಸರ್ವರ್ ಪ್ರಾಸೆಸ್ ಇರುತ್ತದೆ, ಮರಿಗಳೆಲ್ಲ ಅದರಿಂದ ಹುಟ್ಟುತ್ತವೆ. ಆದರೆ ನಿಮ್ಮ ತಾಯಿಯ ಮೆಮೊರಿ ಅವಕ್ಕೂ ಸಿಗುವುದಿಲ್ಲ. ಮುಖ್ಯ ಫೈಲಿನ ವಿಷಯದಲ್ಲಿ ಅದು ಸ್ಪಾನ್‌ನ ದಾಯಾದಿಯೇ.

ವಿಂಡೋಸಿನಲ್ಲಿ ಸ್ಪಾನ್ ಬಿಟ್ಟರೆ ಬೇರೆ ಗತಿ ಇಲ್ಲ. ಮ್ಯಾಕ್‌ಓಎಸ್‌ನಲ್ಲಿ ಮೊದಲು ಫೋರ್ಕ್ ಇತ್ತು. 2019ರಲ್ಲಿ ಬಂದ ಪೈಥಾನ್ 3.8ರಿಂದ ಸ್ಪಾನ್ ಆಯಿತು, ಯಾಕೆಂದರೆ ಅಲ್ಲಿನ ಸಿಸ್ಟಮ್ ಲೈಬ್ರರಿಗಳ ಜೊತೆ ಫೋರ್ಕ್ ಆದ ಪ್ರಾಸೆಸ್ ಕುಸಿದು ಬೀಳುತ್ತಿತ್ತು. ಲಿನಕ್ಸಿನವರು "ನಮಗೇನು" ಅಂತ ನಿಶ್ಚಿಂತೆಯಿಂದ ಇದ್ದರು. 2025ರ ಅಕ್ಟೋಬರಿನಲ್ಲಿ ಪೈಥಾನ್ 3.14 ಬಂತು, ಅಲ್ಲೂ ತಾನಾಗಿ ಸಿಗುವುದು ಫೋರ್ಕ್‌ಸರ್ವರ್ ಆಯಿತು. ಹಾಗಾಗಿ ಹತ್ತು ವರ್ಷದಿಂದ ತಕರಾರಿಲ್ಲದೆ ಓಡಿದ ಪ್ರೋಗ್ರಾಮ್ ಪೈಥಾನ್ ಅಪ್‌ಡೇಟ್ ಮಾಡಿದ ಮರುದಿನ ಕೈಕೊಟ್ಟರೆ, ಕೋಡಿನಲ್ಲಿ ಯಾರು ಏನು ಮುಟ್ಟಿದರು ಅಂತ ಹುಡುಕುವ ಮೊದಲು ಈ ಒಂದು ಸಾಲು ಪ್ರಿಂಟ್ ಮಾಡಿ ನೋಡಿ.

ಮರಿ ಹುಟ್ಟುವಾಗ ಏನೇನು ನಡೆಯುತ್ತದೆ

ಪ್ರೋಗ್ರಾಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಕಮಾಂಡ್ ಲೈನ್ ಅನ್ನುವ ಕಾಲಮ್ ತೆರೆಯಿರಿ. ಲಿನಕ್ಸ್ ಆದರೆ ಪಿಎಸ್ ಕಮಾಂಡ್ ಹಾಕಿ. ಸ್ಪಾನ್ ಆದ ಮರಿಯ ಸಾಲಿನಲ್ಲಿ ನಿಮ್ಮ ಫೈಲಿನ ಹೆಸರೇ ಇರುವುದಿಲ್ಲ. ಪೈಥಾನ್, ಆಮೇಲೆ -ಸಿ, ಆಮೇಲೆ ಸ್ಪಾನ್_ಮೇನ್ ಅನ್ನುವ ಫಂಕ್ಷನ್ನಿನ ಕರೆ, ಅದರೊಳಗೆ ಒಂದು ಪೈಪಿನ (ತಾಯಿ-ಮರಿ ಮಾತಾಡುವ ಕೊಳವೆಯ) ಸಂಖ್ಯೆ, ಕೊನೆಯಲ್ಲಿ --ಮಲ್ಟಿಪ್ರಾಸೆಸಿಂಗ್-ಫೋರ್ಕ್. ಇಷ್ಟೇ. ಸ್ಪಾನ್ ಆದ ಮರಿಗೂ ಫೋರ್ಕ್ ಅಂತ ಚೀಟಿ ಅಂಟಿಸಿದ್ದಾರೆ, ಅದು ಹಳೆಯ ಹೆಸರು. ಅದನ್ನು ನೋಡಿ ಗಲಿಬಿಲಿ ಆಗಬೇಡಿ.

ಆ ಪೈಪಿನಲ್ಲಿ ತಾಯಿ ಎರಡು ಗಂಟು ಕಳಿಸುತ್ತದೆ. ಮೊದಲ ಗಂಟಿನಲ್ಲಿ ಮನೆಯ ವಿವರ: ಯಾವ ಡೈರೆಕ್ಟರಿ, ಮಾಡ್ಯೂಲ್ ಹುಡುಕುವ ದಾರಿಗಳು, ಕಮಾಂಡ್ ಲೈನಿನಲ್ಲಿ ಕೊಟ್ಟ ಆರ್ಗ್ಯುಮೆಂಟುಗಳು, ಮುಖ್ಯ ಫೈಲ್ ಎಲ್ಲಿದೆ. ಎರಡನೆಯದರಲ್ಲಿ ಕೆಲಸ: ಯಾವ ಫಂಕ್ಷನ್, ಯಾವ ಬೆಲೆಗಳು. ಎರಡನ್ನೂ ಪಿಕಲ್ ಮಾಡಿಯೇ, ಅಂದರೆ ಬೈಟುಗಳಾಗಿ ಕಟ್ಟಿಯೇ, ಕಳಿಸುತ್ತದೆ.

ಪಿಕಲ್ ವಿಷಯದಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಫಂಕ್ಷನ್ನನ್ನು ಪಿಕಲ್ ಮಾಡಿದರೆ ಅದರ ಕೋಡ್ ಗಂಟಿನೊಳಗೆ ಹೋಗುವುದಿಲ್ಲ. ಹೋಗುವುದು ವಿಳಾಸ ಮಾತ್ರ: "__ಮೇನ್__ ಮಾಡ್ಯೂಲಿನಲ್ಲಿರುವ ಎಣಿಸು". ಮರಿ ಆ ವಿಳಾಸ ಹಿಡಿದು ತನ್ನ ಮನೆಯೊಳಗೆ ಹುಡುಕಬೇಕು. ಅಲ್ಲಿ ಎಣಿಸು ಇರಬೇಕಾದರೆ ಮುಖ್ಯ ಫೈಲನ್ನು ಮೊದಲೇ ಓದಿಕೊಂಡಿರಬೇಕು, ಅಲ್ವಾ? ಅದಕ್ಕೇ ಮೊದಲ ಗಂಟು ಬಿಚ್ಚಿದ ತಕ್ಷಣ ಮರಿ ನಿಮ್ಮ ಫೈಲನ್ನು __ಎಂಪಿ_ಮೇನ್__ ಅನ್ನುವ ಹೆಸರಿನಲ್ಲಿ ಓಡಿಸುತ್ತದೆ. ಓಡಿಸಿದ ಮೇಲೆ ಆ ಮಾಡ್ಯೂಲನ್ನೇ __ಮೇನ್__ ಅಂತಲೂ ದಾಖಲು ಮಾಡಿಕೊಳ್ಳುತ್ತದೆ, ವಿಳಾಸ ತಪ್ಪಬಾರದು ಅಂತ. ಎರಡನೇ ಗಂಟು ಬಿಚ್ಚುವುದು ಇದಾದ ಮೇಲೆ.

ಈ ಕ್ರಮ ಗೊತ್ತಿದ್ದರೆ ಟ್ರೇಸ್‌ಬ್ಯಾಕ್ (ಎರರ್ ಯಾವ ಯಾವ ಸಾಲು ದಾಟಿ ಬಂತು ಅಂತ ತೋರಿಸುವ ಪಟ್ಟಿ) ಓದುವುದು ಸುಲಭ. ಅದರಲ್ಲಿ ಪ್ರಿಪೇರ್, _ಫಿಕ್ಸಪ್_ಮೇನ್_ಫ್ರಮ್_ಪಾತ್, ರನ್‌ಪೈ ಅನ್ನುವ ಹೆಸರುಗಳು ಕಂಡರೆ ಫೈಲನ್ನು ಮತ್ತೆ ಓದುವಾಗಲೇ ಮರಿ ಎಡವಿದೆ. ಪಿಕಲ್‌ನ ಲೋಡ್ ಅಥವಾ ಲೋಡ್ಸ್ ಕಂಡರೆ ಓದಿ ಮುಗಿಸಿದೆ, ವಿಳಾಸ ಹುಡುಕುವಾಗ ಸಿಕ್ಕಿಬಿದ್ದಿದೆ. ಇವೆರಡನ್ನೂ ದಾಟಿ ನಿಮ್ಮ ಫಂಕ್ಷನ್ನಿನ ಸಾಲೇ ಕೊನೆಗೆ ಕಂಡರೆ ಎರಡು ಸಾಧ್ಯತೆ. ಒಂದೋ ಅದು ಮಾಮೂಲಿ ಬಗ್. ಇಲ್ಲವೇ ಮರಿಯ ಹತ್ತಿರ ಇಲ್ಲದ ಬೆಲೆಯನ್ನು ಆ ಫಂಕ್ಷನ್ ಕೇಳಿದೆ.

ಕೂಗಾಡುವ ದೋಷ

ಹುಡುಗನ ಮೊದಲ ರಾತ್ರಿಯ ಎರರ್ ಇದು. ರನ್‌ಟೈಮ್‌ಎರರ್. ಅದರ ಉದ್ದನೆಯ ಸಂದೇಶದಲ್ಲಿ "ಬೂಟ್‌ಸ್ಟ್ರ್ಯಾಪಿಂಗ್ ಫೇಸ್" ಅನ್ನುವ ಮಾತು ಬರುತ್ತದೆ. ಮರಿಯೊಂದು ತಾನಿನ್ನೂ ಸರಿಯಾಗಿ ಹುಟ್ಟುವ ಮೊದಲೇ ಇನ್ನೊಂದು ಮರಿ ಹಾಕಲು ಹೊರಟಿದೆ ಅಂತ ಅದರ ಅರ್ಥ.

ಚಿಕ್ಕವರಿದ್ದಾಗ ಮನೆಗೆ ಒಂದು ತರದ ಪೋಸ್ಟ್ ಕಾರ್ಡ್ ಬರುತ್ತಿತ್ತು, ನೆನಪಿದೆಯಾ? ದೇವರ ಹೆಸರು ಬರೆದು, "ಈ ಪತ್ರ ಸಿಕ್ಕವರು ಹನ್ನೊಂದು ಜನಕ್ಕೆ ಇದನ್ನೇ ಬರೆದು ಕಳಿಸಬೇಕು, ಇಲ್ಲದಿದ್ದರೆ ಕೇಡು" ಅಂತ. ಹುಡುಗನ ಫೈಲ್ ಅಂಥದ್ದೊಂದು ಕಾರ್ಡ್ ಆಗಿತ್ತು. ಪೂಲ್ ಅಂದರೆ ಕೆಲಸ ಹಂಚಿಕೊಳ್ಳುವ ಮರಿಗಳ ಗುಂಪು. ಪೂಲ್(4) ಅನ್ನುವ ಸಾಲು ಯಾವ ಫಂಕ್ಷನ್ನಿನ ಒಳಗೂ ಇರದೆ ಬಯಲಲ್ಲಿ ನಿಂತಿತ್ತು. ತಾಯಿ ಅದನ್ನು ಓದಿ ನಾಲ್ಕು ಮರಿ ಹಾಕಿತು. ಪ್ರತಿ ಮರಿಯೂ ಅದೇ ಫೈಲನ್ನು ಓದುತ್ತಾ ಬಂದು ಅದೇ ಸಾಲು ಮುಟ್ಟಿತು: ನಾಲ್ಕು ಮರಿ ಹಾಕು. ಪೈಥಾನ್ ಇದನ್ನು ಗಮನಿಸಿ ಅಲ್ಲೇ ಕಿವಿ ಹಿಂಡುತ್ತದೆ. ಇಲ್ಲದಿದ್ದರೆ ನಾಲ್ಕು ಹದಿನಾರಾಗಿ, ಹದಿನಾರು ಅರವತ್ನಾಲ್ಕಾಗಿ ಕಂಪ್ಯೂಟರ್ ಮಲಗುತ್ತಿತ್ತು.

ಹಾಗಾದರೆ ಎರರ್ ಒಂದು ಸಲ ಬಂದು ನಿಲ್ಲಬೇಕಿತ್ತಲ್ಲ, ಯಾಕೆ ಓಡುತ್ತಲೇ ಇತ್ತು? ಅದು ಪೂಲಿನ ಗುಣ. ಒಬ್ಬ ಕೆಲಸದವನು ಸತ್ತರೆ ಪೂಲ್ ತಕ್ಷಣ ಇನ್ನೊಬ್ಬನನ್ನು ನೇಮಿಸುತ್ತದೆ. ಅವನೂ ಬಂದು ಅದೇ ಸಾಲಿಗೆ ತಲೆ ಚಚ್ಚಿಕೊಂಡು ಸಾಯುತ್ತಾನೆ. ಮತ್ತೊಬ್ಬ ಬರುತ್ತಾನೆ. ಹಾಗಾಗಿ ಎರರ್ ಎಡೆಬಿಡದೆ ಓಡಿದರೆ ಒಳಗೆ ಪೂಲ್ ಇದೆ ಅಂತ ತಿಳಿಯಿರಿ. ಪ್ರಾಸೆಸ್ ಅನ್ನುವ ಕ್ಲಾಸನ್ನು ನೇರವಾಗಿ ಬಳಸಿದ್ದರೆ ಪ್ರತಿ ಮರಿಗೆ ಒಂದೇ ಎರರ್ ಬಂದು ಮುಗಿಯುತ್ತದೆ. ಪ್ರಾಸೆಸ್‌ಪೂಲ್‌ಎಕ್ಸಿಕ್ಯೂಟರ್ ಅನ್ನುವ ಇನ್ನೊಂದು ತರದ ಪೂಲ್ ಆದರೆ ತಾಯಿಯ ಕಡೆ ಬ್ರೋಕನ್‌ಪ್ರಾಸೆಸ್‌ಪೂಲ್ ಅಂತ ಹೇಳಿ ಕೈಚೆಲ್ಲುತ್ತದೆ. ಒಂದೇ ತಪ್ಪಿಗೆ ಮೂರು ಮುಖ.

ಪರಿಹಾರ ನೀವೆಲ್ಲ ಕೇಳಿರುವುದೇ:

ಇಫ್ __ನೇಮ್__ == "__ಮೇನ್__":
    ಮೇನ್()

ಮರಿಯಲ್ಲಿ ಹೆಸರು __ಎಂಪಿ_ಮೇನ್__ ಆಗಿರುವುದರಿಂದ ಈ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಹೆಸರು ಬೇರೆ ಇಟ್ಟದ್ದು ಇದಕ್ಕೇ. ಪೂಲ್ ಕಟ್ಟುವುದು, ಇನ್‌ಪುಟ್ ಕೇಳುವುದು, ಡೇಟಾಬೇಸಿಗೆ ಸೇರುವುದು, ದೊಡ್ಡ ಫೈಲ್ ತೆರೆಯುವುದು ಎಲ್ಲವೂ ಬಾಗಿಲ ಒಳಗೆ ಹೋಗಬೇಕು. ಫಂಕ್ಷನ್, ಕ್ಲಾಸ್, ಇಂಪೋರ್ಟ್ ಹೊರಗೆ ಇರಬೇಕು. ಸೆಟ್_ಸ್ಟಾರ್ಟ್_ಮೆಥಡ್ ಕೂಡ ಒಳಗೇ. ಅದನ್ನು ಹೊರಗಿಟ್ಟರೆ ಮರಿಯಲ್ಲಿ "ಕಾಂಟೆಕ್ಸ್ಟ್ ಈಗಾಗಲೇ ಸೆಟ್ ಆಗಿದೆ" ಅನ್ನುವ ಬೇರೆಯದೇ ರನ್‌ಟೈಮ್‌ಎರರ್ ಬಂದು ನಿಮ್ಮ ಇನ್ನೊಂದು ಗಂಟೆ ತಿನ್ನುತ್ತದೆ.

ಎರರ್ ಬರದೇ ಇದ್ದರೂ ಬಯಲಲ್ಲಿ ಬಿಟ್ಟ ಸಾಲುಗಳ ಕಾಟ ತಪ್ಪುವುದಿಲ್ಲ. "ನಮಸ್ಕಾರ, ಪ್ರೋಗ್ರಾಮ್ ಶುರುವಾಗಿದೆ" ಅನ್ನುವ ಸಾಲು ಐದು ಸಲ ಬಂದರೆ ಅದು ಇದೇ. ಒಂದು ಮಾಡೆಲನ್ನು ಮೇಲ್ಗಡೆಯೇ ಲೋಡ್ ಮಾಡಿದ್ದೀರಿ, ಎಂಟು ಮರಿ, ಮೆಮೊರಿ ತುಂಬಿತು ಅಂದರೆ ಅದೂ ಇದೇ.

ಸದ್ದಿಲ್ಲದ ದೋಷ

ಬಾಗಿಲು ಹಾಕಿದ ಮೇಲೆ ಹುಡುಗನ ಪ್ರೋಗ್ರಾಮ್ ಓಡಿತು. ಎರರ್ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಫೋನ್. "ಮಾಮಾ, ಲೆಕ್ಕ ಯಾಕೋ ಸರಿ ಇಲ್ಲ. ಕಾಲೇಜಲ್ಲಿ ಓಡಿಸಿದಾಗ ಮೊದಲನೇ ಪದ 'ಮಳೆ' ಬಂದಿತ್ತು. ಇಲ್ಲಿ 'ಆ', 'ಈ', 'ಮತ್ತು' ಬರ್ತಾ ಇದೆ."

ನನಗೆ ಕೇಳಿದರೆ ಈ ಇಡೀ ವಿಷಯದಲ್ಲಿ ಭಯಪಡಬೇಕಾದ್ದು ಇದಕ್ಕೆ. ಕೂಗುವ ದೋಷವನ್ನು ಯಾರಾದರೂ ಹಿಡಿಯುತ್ತಾರೆ. ಇದು ತಪ್ಪು ಉತ್ತರವನ್ನು ಸರಿ ಉತ್ತರದ ಮುಖ ಹಾಕಿ ಕೊಡುತ್ತದೆ. ಅವನ ಫೈಲಿನ ಮುಖ್ಯ ಭಾಗ ಹೀಗಿತ್ತು:

ಬಿಡು = ಸೆಟ್()

ಡೆಫ್ ಎಣಿಸು(ಫೈಲ್):
    # ಬಿಡು ಪಟ್ಟಿಯಲ್ಲಿಲ್ಲದ ಪದಗಳನ್ನು ಮಾತ್ರ ಎಣಿಸುತ್ತದೆ

ಇಫ್ __ನೇಮ್__ == "__ಮೇನ್__":
    ಬಿಡು = ಪಟ್ಟಿ_ಓದು("ಬಿಡು.ಟಿಎಕ್ಸ್‌ಟಿ")
    ವಿತ್ ಪೂಲ್(4) ಆಸ್ ಪಿ:
        ಫಲ = ಪಿ.ಮ್ಯಾಪ್(ಎಣಿಸು, ಫೈಲುಗಳು)

ಮತ್ತು, ಆದರೆ, ಆ, ಈ ಇಂಥ ಪದಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಒಂದು ಪಟ್ಟಿ. ಅದರಲ್ಲಿ 412 ಪದ. ಲಿನಕ್ಸಿನಲ್ಲಿ ಫೋರ್ಕ್ ಆಗುತ್ತಿತ್ತು. ಪಟ್ಟಿ ತುಂಬಿದ ಮೇಲೆ ಝೆರಾಕ್ಸ್ ತೆಗೆದದ್ದರಿಂದ ಮರಿಯಲ್ಲೂ ತುಂಬಿದ ಪಟ್ಟಿಯೇ ಇತ್ತು. ವಿಂಡೋಸಿನ ಮರಿ ಫೈಲ್ ಓದಿತು. ಮೊದಲ ಸಾಲಿನಲ್ಲಿ ಖಾಲಿ ಸೆಟ್ ಕಂಡಿತು. ಬಾಗಿಲ ಒಳಗೆ ಹೋಗಲಿಲ್ಲ. ಅದರ ಮಟ್ಟಿಗೆ ಬಿಡು ಅಂದರೆ ಇವತ್ತಿಗೂ ಖಾಲಿ.

ನಿನ್ನೆ ರಾತ್ರಿ ನಾನೇ ಹೇಳಿ ಹಾಕಿಸಿದ ಬಾಗಿಲು, ಇವತ್ತು ಅದರ ಹಿಂದೆಯೇ ಪಟ್ಟಿ ಸಿಕ್ಕಿಕೊಂಡಿತ್ತು. ಸ್ವಲ್ಪ ನಾಚಿಕೆಯೂ ಆಯಿತು ಅನ್ನಿ.

ಇದನ್ನು ಹಿಡಿಯುವ ದಾರಿ ಸರಳ. ಎಣಿಸು ಫಂಕ್ಷನ್ನಿನ ಮೊದಲ ಸಾಲಾಗಿ ಓಎಸ್.ಗೆಟ್‌ಪಿಡ್() ಮತ್ತು ಲೆನ್(ಬಿಡು) ಪ್ರಿಂಟ್ ಮಾಡಿ. ತಾಯಿಯಲ್ಲಿ ಪೂಲ್ ಕಟ್ಟುವ ಮೊದಲು ಅದನ್ನೇ ಪ್ರಿಂಟ್ ಮಾಡಿ. ಹುಡುಗನಿಗೆ ತಾಯಿ 412 ಅಂದಿತು, ನಾಲ್ಕೂ ಮರಿ 0 ಅಂದವು. ಇನ್ನು ವಾದವೇ ಇಲ್ಲ.

ಕೋಡ್ ಓದುವಾಗ ನಾನು ಪ್ರತಿ ಗ್ಲೋಬಲ್ ಹೆಸರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಬೆಲೆ ಫೈಲಿನಲ್ಲೇ ಬರೆದಿದೆಯೋ, ಓಡುತ್ತಾ ಓಡುತ್ತಾ ಬಂದದ್ದೋ? ಬರೆದಿದ್ದರೆ ಮರಿಗೂ ಸಿಗುತ್ತದೆ. ಓಡುವಾಗ ಬಂದದ್ದಾದರೆ ನಾವೇ ಕೈಗೆ ಕೊಡಬೇಕು. ಕಮಾಂಡ್ ಲೈನಿನಿಂದ ತುಂಬಿಸಿದ ಸೆಟ್ಟಿಂಗುಗಳು, ಬಾಗಿಲ ಒಳಗೆ ಮಾಡಿದ ಲಾಗಿಂಗ್ ವ್ಯವಸ್ಥೆ ಎಲ್ಲ ಎರಡನೇ ಗುಂಪಿಗೆ ಸೇರಿದವು. ಮರಿಯಿಂದ ಇನ್ಫೋ ಮಟ್ಟದ ಲಾಗ್ ಬರುತ್ತಲೇ ಇಲ್ಲ ಅಂತ ತಲೆ ಕೆರೆದುಕೊಂಡವರು ಬಹಳ ಜನ. ಲಾಗಿಂಗ್ ತನ್ನಷ್ಟಕ್ಕೆ ತಾನಿದ್ದರೆ ವಾರ್ನಿಂಗ್ ಮತ್ತು ಅದಕ್ಕಿಂತ ಮೇಲಿನದನ್ನು ಮಾತ್ರ ತೋರಿಸುತ್ತದೆ. ನೀವು ಬದಲಾಯಿಸಿದ್ದು ತಾಯಿಯಲ್ಲಿ ಮಾತ್ರ.

ಕೈಗೆ ಕೊಡುವುದಕ್ಕೆ ಪೂಲಿನಲ್ಲೇ ದಾರಿ ಇದೆ:

ಡೆಫ್ ತಯಾರಿ(ಪಟ್ಟಿ):
    ಗ್ಲೋಬಲ್ ಬಿಡು
    ಬಿಡು = ಪಟ್ಟಿ

ಪೂಲ್(4, ಇನಿಶಿಯಲೈಸರ್=ತಯಾರಿ, ಇನಿಟ್‌ಆರ್ಗ್ಸ್=(ಬಿಡು,))

ಪ್ರತಿ ಮರಿಯೂ ಕೆಲಸ ಹಿಡಿಯುವ ಮೊದಲು ತಯಾರಿಯನ್ನು ಒಂದು ಸಲ ಓಡಿಸುತ್ತದೆ. ಪಟ್ಟಿ ಒಂದೇ ಸಲ ಹೋಗುತ್ತದೆ, ಪ್ರತಿ ಫೈಲಿಗೂ ಹೊತ್ತು ಸಾಗಿಸುವ ಖರ್ಚಿಲ್ಲ.

ಕೊನೆಯ ಆ ಅಲ್ಪವಿರಾಮವನ್ನು ನೋಡಿದಿರಾ? ಹುಡುಗ ಅದನ್ನು ಮರೆತ. ಪೈಥಾನಿಗೆ ಬರಿಯ ಆವರಣ ಟ್ಯೂಪಲ್ ಅಲ್ಲ. ಅಲ್ಪವಿರಾಮ ಇಲ್ಲದೆ ಬರೆದರೆ ಆ ಸೆಟ್ಟೇ ಬಿಚ್ಚಿಕೊಂಡು, ಒಂದು ಬೆಲೆ ಬೇಕಾದ ತಯಾರಿಗೆ 412 ಬೆಲೆಗಳನ್ನು ತುರುಕುತ್ತದೆ. ಟೈಪ್‌ಎರರ್. ಮರಿ ಸತ್ತಿತು. ಪೂಲ್ ಹೊಸಬನನ್ನು ನೇಮಿಸಿತು. ಮತ್ತೆ ಸ್ಕ್ರೀನ್ ತುಂಬಾ ಎರರ್ ಓಟ. ಅವನು "ಮಾಮಾ, ಮೊನ್ನೆಯದೇ ಮತ್ತೆ ಬಂತು" ಅಂದ. ಓಡುವ ರೀತಿ ಮೊನ್ನೆಯದೇ, ಕಾರಣ ಬೇರೆ. ಇನಿಶಿಯಲೈಸರಿನಲ್ಲಿ ಏನೇ ತಪ್ಪಾದರೂ ಪೂಲ್ ಹೀಗೇ ಸುತ್ತುತ್ತದೆ. ಅದಕ್ಕೇ ಓಡುವ ಎರರಿನ ಒಂದು ತುಂಡನ್ನು ಪೂರ್ತಿ ಓದಬೇಕು. ಎಷ್ಟು ಸಲ ಬಂತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ.

"ಕಾಂಟ್ ಗೆಟ್ ಆಟ್ರಿಬ್ಯೂಟ್"

ವಿಳಾಸ ಹಿಡಿದು ಹೋದ ಮರಿಗೆ ಆ ಹೆಸರಿನವರು ಸಿಗದಿದ್ದರೆ ಬರುವ ಆಟ್ರಿಬ್ಯೂಟ್‌ಎರರ್ ಇದು. ಈ ಸಂದೇಶದ ಕೊನೆಯ ಭಾಗವನ್ನು ಯಾರೂ ಓದುವುದಿಲ್ಲ, ಸುಳಿವೆಲ್ಲ ಇರುವುದು ಅಲ್ಲೇ.

ಕೊನೆಯಲ್ಲಿ __ಎಂಪಿ_ಮೇನ್__ ಅಂತ ಇದ್ದು ಮುಂದೆ ನಿಮ್ಮ ಫೈಲಿನ ದಾರಿ ಇದ್ದರೆ, ಮರಿ ನಿಮ್ಮ ಫೈಲನ್ನು ಓದಿದೆ. ಆ ಫಂಕ್ಷನ್ ಮಾತ್ರ ಸಿಕ್ಕಿಲ್ಲ. ಬಹುಮಟ್ಟಿಗೆ ನೀವು ಅದನ್ನು ಬಾಗಿಲ ಒಳಗೆ ಡಿಫೈನ್ ಮಾಡಿರುತ್ತೀರಿ. ಹೊರಗೆ ತನ್ನಿ, ಮುಗಿಯಿತು. __ಮೇನ್__ ಅಂತಲೇ ಇದ್ದು ಫೈಲಿನ ದಾರಿ ಇದ್ದರೆ ಅದು ಫೋರ್ಕ್‌ನ ಕತೆ: ಪೂಲ್ ಕಟ್ಟಿದ ಮೇಲೆ ಫಂಕ್ಷನ್ ಬರೆದಿದ್ದೀರಿ, ಝೆರಾಕ್ಸ್ ತೆಗೆಯುವಾಗ ಅದು ಇನ್ನೂ ಹುಟ್ಟಿರಲಿಲ್ಲ.

__ಮೇನ್__ ಅಂತ ಇದ್ದು ಪಕ್ಕದಲ್ಲಿ ಬಿಲ್ಟ್-ಇನ್ ಅಂತ ಇದ್ದರೆ, ಮರಿ ನಿಮ್ಮ ಫೈಲನ್ನು ಮುಟ್ಟಿಯೇ ಇಲ್ಲ. ಇದಕ್ಕೆ ಎರಡು ಕಾರಣ ನಾನು ಜಾಸ್ತಿ ನೋಡಿದ್ದು.

ಮೊದಲನೆಯದು ಜುಪಿಟರ್ ನೋಟ್‌ಬುಕ್. ಸೆಲ್ಲಿನಲ್ಲಿ ಬರೆದ ಫಂಕ್ಷನ್ನಿಗೆ ಹಿಂದೆ ಫೈಲೇ ಇಲ್ಲ. ತಾಯಿ ದಾರಿ ಹೇಳುವುದಾದರೂ ಎಲ್ಲಿಗೆ? ಪೂಲ್ ಬಳಸಿದ್ದರೆ ನೋಟ್‌ಬುಕ್ಕಿನಲ್ಲಿ ಏನೂ ಕಾಣದೆ ಸೆಲ್ ಸುಮ್ನೆ ಕಾಯುತ್ತಾ ಕೂರುತ್ತದೆ, ಯಾಕೆಂದರೆ ಕೆಲಸ ಹಿಡಿದ ಮರಿ ಸತ್ತಿದೆ, ಆ ಕೆಲಸ ಅದರ ಜೊತೆಗೇ ಹೋಗಿದೆ, ಹೊಸ ಮರಿಗೆ ಅದು ಸಿಗುವುದಿಲ್ಲ. ಎರರ್ ನೋಟ್‌ಬುಕ್ಕಿನ ಹಿಂದಿರುವ ಟರ್ಮಿನಲ್ಲಿನಲ್ಲಿ ಬಿದ್ದಿರಬಹುದು, ಅಲ್ಲಿ ನೋಡಿ. ಫಂಕ್ಷನ್ನನ್ನು ಪಕ್ಕದಲ್ಲಿ ಒಂದು ಬೇರೆ ಫೈಲಿಗೆ ಹಾಕಿ ಇಂಪೋರ್ಟ್ ಮಾಡಿಕೊಂಡರೆ ಸರಿಯಾಗುತ್ತದೆ. ಆಗ ವಿಳಾಸವೇ ಬದಲಾಗುತ್ತದೆ, __ಮೇನ್__ ಗೊಡವೆಯೇ ಇಲ್ಲ.

ಎರಡನೆಯದು ಪಳಗಿದವರನ್ನೂ ಕೆಡವುತ್ತದೆ. ಒಂದು ಪ್ಯಾಕೇಜ್, ಅದರೊಳಗೆ __ಮೇನ್__.ಪೈ. ಪೈಥಾನ್ -ಎಂ ಹಾಕಿ ಪ್ಯಾಕೇಜಿನ ಹೆಸರು ಕೊಟ್ಟು ಓಡಿಸುತ್ತೀರಿ. ಇಂಥ ಫೈಲನ್ನು ಮರಿ ಬೇಕೆಂದೇ ಓದುವುದಿಲ್ಲ. ಈ ಫೈಲಿನಲ್ಲಿ ಓಡಿಸುವ ಸಾಲುಗಳು ಬಾಗಿಲಿಲ್ಲದೆ ಇರುವುದೇ ರೂಢಿ, ಓದಿದರೆ ಎಡವಟ್ಟು ಅಂತ ಸ್ಪಾನ್ ಕೋಡಿನಲ್ಲೇ ಬಿಟ್ಟುಬಿಟ್ಟಿದ್ದಾರೆ. ಹಾಗಾಗಿ ಅಲ್ಲಿ ಬರೆದ ಫಂಕ್ಷನ್ ಮರಿಗೆ ಕಾಣುವುದಿಲ್ಲ. ಪ್ಯಾಕೇಜಿನ ಬೇರೆ ಮಾಡ್ಯೂಲನ್ನು ಅದೇ -ಎಂ ಹಾಕಿ ಓಡಿಸಿದರೆ ಈ ತೊಂದರೆ ಇಲ್ಲ. __ಮೇನ್__.ಪೈ ಒಳಗೆ ಎರಡೇ ಸಾಲು ಇಡಿ: ಇಂಪೋರ್ಟ್ ಒಂದು, ಕರೆ ಒಂದು.

ದಾರಿ ತಪ್ಪಿಸುವ ಎರಡು

ವಿಂಡೋಸಿನಲ್ಲಿ "ಇಒಎಫ್‌ಎರರ್: ರ‍್ಯಾನ್ ಔಟ್ ಆಫ್ ಇನ್‌ಪುಟ್" ಬಂದರೆ ಅದನ್ನು ಹಿಂಬಾಲಿಸಬೇಡಿ. ತಾಯಿ ಎರಡನೇ ಗಂಟು ಕಟ್ಟುವಾಗ ಮಧ್ಯದಲ್ಲಿ ಸೋತಿದೆ, ಮರಿ ಅರ್ಧ ಗಂಟು ನೋಡಿ ಅತ್ತಿದೆ. ನಿಜವಾದ ಕಾರಣ ತಾಯಿಯ ಟ್ರೇಸ್‌ಬ್ಯಾಕಿನಲ್ಲಿದೆ, ಸ್ಕ್ರೀನಿನಲ್ಲಿ ಮೇಲೆ ಹುಡುಕಿ. ಲ್ಯಾಂಬ್ಡಾ, ಫಂಕ್ಷನ್ನಿನೊಳಗಿನ ಫಂಕ್ಷನ್, ತೆರೆದ ಫೈಲ್, ಲಾಕ್ ಹೊತ್ತ ಆಬ್ಜೆಕ್ಟ್, ಇವುಗಳಲ್ಲಿ ಯಾವುದೋ ಒಂದು ಗಂಟಿಗೆ ಸೇರಿರುತ್ತದೆ.

ಇನ್ನೊಂದು, ಫೈಲ್ ಸಿಗಲಿಲ್ಲ ಅನ್ನುವ ಎರರಿನ ಕೊನೆಯಲ್ಲಿ <ಎಸ್‌ಟಿಡಿಇನ್> (ಸ್ಟ್ಯಾಂಡರ್ಡ್ ಇನ್‌ಪುಟ್) ಅಂತ ಇರುವುದು. ಕೋಡನ್ನು ಪೈಪಿನಲ್ಲಿ ಪೈಥಾನಿಗೆ ಸುರಿದಿದ್ದೀರಿ. ಮರಿ ಆ ಹೆಸರಿನ ಫೈಲನ್ನು ಡಿಸ್ಕಿನಲ್ಲಿ ಹುಡುಕುತ್ತಿದೆ. ಕೋಡನ್ನು ಒಂದು ಫೈಲಿಗೆ ಉಳಿಸಿ ಓಡಿಸಿ.

ಫೋರ್ಕ್‌ಗೆ ವಾಪಸ್ ಹೋದರೆ?

ಲಿನಕ್ಸಿನಲ್ಲಿ ಸೆಟ್_ಸ್ಟಾರ್ಟ್_ಮೆಥಡ್("ಫೋರ್ಕ್") ಅಂತ ಒಂದು ಸಾಲು ಹಾಕಿದರೆ ಮೇಲಿನದೆಲ್ಲ ಮಾಯ. ನಾಳೆ ಬೆಳಿಗ್ಗೆಗೆ ರಿಪೋರ್ಟ್ ಬೇಕು ಅಂದರೆ ಹಾಕಿ, ನಾನೂ ಹಾಕಿದ್ದೇನೆ. ಆದರೆ ತಾಯಿಯಲ್ಲಿ ಥ್ರೆಡ್‌ಗಳಿದ್ದರೆ (ಒಂದೇ ಪ್ರಾಸೆಸ್ ಒಳಗೆ ಜೊತೆಜೊತೆಗೆ ಓಡುವ ಎಳೆಗಳು) ಹುಷಾರು. ಫೋರ್ಕ್ ಮಾಡಿದಾಗ ಒಂದೇ ಥ್ರೆಡ್ ಮರಿಗೆ ಬರುತ್ತದೆ. ಉಳಿದ ಥ್ರೆಡ್‌ಗಳು ಹಿಡಿದಿದ್ದ ಲಾಕ್ ಮಾತ್ರ ಹಾಗೇ ಬರುತ್ತದೆ. ಬಿಡಿಸುವವರು ಯಾರೂ ಇಲ್ಲ. ಮರಿ ಕಾಯುತ್ತಲೇ ಕೂರುತ್ತದೆ, ಅದೂ ಎಂದೋ ಒಮ್ಮೆ. ಪೈಥಾನ್ 3.12ರಿಂದ ಥ್ರೆಡ್ ಇರುವಾಗ ಫೋರ್ಕ್ ಮಾಡಿದರೆ ಎಚ್ಚರಿಕೆ ಬರುತ್ತದೆ. ಪೈಟಾರ್ಚ್ ಅನ್ನುವ ಲೈಬ್ರರಿಯಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಬಳಸುವವರಿಗೆ ಆಯ್ಕೆಯೇ ಇಲ್ಲ. ತಾಯಿ ಒಮ್ಮೆ ಜಿಪಿಯು ಮುಟ್ಟಿದ್ದರೆ ಫೋರ್ಕ್ ಆದ ಮರಿ ಅದನ್ನು ಮುಟ್ಟಲಾರದು, ಸ್ಪಾನ್ ಬಳಸಿ ಅಂತ ಎರರೇ ಹೇಳುತ್ತದೆ.

ನಾನಾದರೆ ಉಲ್ಟಾ ಮಾಡುತ್ತೇನೆ. ಲಿನಕ್ಸಿನಲ್ಲಿ ಬರೆಯುವಾಗಲೇ ಬಾಗಿಲ ಒಳಗೆ ಸ್ಪಾನ್ ಅಂತ ಹಾಕಿಟ್ಟುಕೊಳ್ಳುತ್ತೇನೆ. ವಿಂಡೋಸಿನಲ್ಲಿ ಬರಬೇಕಾದ ದೋಷಗಳಲ್ಲಿ ಬಹುಪಾಲು ನನ್ನ ಮೇಜಿನ ಮೇಲೇ ಬಂದು ಹೋಗುತ್ತವೆ.

ಇಎಕ್ಸ್‌ಇ ಮಾಡಿದ ಮೇಲೆ

ಮೂರನೇ ಫೋನ್ ಆ ಶನಿವಾರ ಬಂತು. ಹುಡುಗ ಪ್ರೋಗ್ರಾಮನ್ನು ಪೈಇನ್‌ಸ್ಟಾಲರ್ ಹಾಕಿ ಇಎಕ್ಸ್‌ಇ (ಪೈಥಾನ್ ಇನ್‌ಸ್ಟಾಲ್ ಇಲ್ಲದೆಯೂ ಓಡುವ ಫೈಲ್) ಮಾಡಿ ಗೆಳೆಯನಿಗೆ ಕೊಟ್ಟಿದ್ದ. ಅವನು ಡಬಲ್ ಕ್ಲಿಕ್ ಮಾಡಿದ. ಒಂದು ಕಿಟಕಿ ತೆರೆಯಿತು, ಆಮೇಲೆ ನಾಲ್ಕು, ಆಮೇಲೆ ಎಣಿಸಲು ಆಗಲಿಲ್ಲ. ಪವರ್ ಬಟನ್ ಒತ್ತಿ ಹಿಡಿಯಬೇಕಾಯಿತು.

"ಬಾಗಿಲು ಇತ್ತಲ್ಲ ಮಾಮಾ?"

ಇತ್ತು. ಆದರೆ ಇಲ್ಲಿ ಬಾಗಿಲು ಕೆಲಸಕ್ಕೆ ಬರುವುದಿಲ್ಲ. ಮಾಮೂಲಿಯಾಗಿ ಮರಿ ಹುಟ್ಟಿಸಲು ತಾಯಿ ಕರೆಯುವುದು ಪೈಥಾನನ್ನು. ಇಎಕ್ಸ್‌ಇ ಒಳಗೆ ಪೈಥಾನ್ ಅಂತ ಬೇರೆ ಇಲ್ಲ, ಆ ಜಾಗದಲ್ಲಿರುವುದು ನಿಮ್ಮ ಇಎಕ್ಸ್‌ಇಯೇ. ಹಾಗಾಗಿ ತಾಯಿ ತನ್ನನ್ನೇ ಇನ್ನೊಮ್ಮೆ ಓಡಿಸುತ್ತದೆ, ಜೊತೆಗೆ --ಮಲ್ಟಿಪ್ರಾಸೆಸಿಂಗ್-ಫೋರ್ಕ್ ಅಂಟಿಸಿ. ಆ ಗುರುತನ್ನು ಯಾರೂ ನೋಡದಿದ್ದರೆ ಇಎಕ್ಸ್‌ಇ ಹೊಸದಾಗಿಯೇ ಶುರುವಾಗುತ್ತದೆ. ಹೆಸರೂ __ಮೇನ್__ ಆಗಿಯೇ ಇರುತ್ತದೆ. ಬಾಗಿಲು ಅದನ್ನು ಯಜಮಾನ ಅಂತ ತಿಳಿದು ಒಳಗೆ ಬಿಡುತ್ತದೆ. ಹನ್ನೊಂದು ಜನಕ್ಕೆ ಬರೆಯುವ ಪೋಸ್ಟ್ ಕಾರ್ಡ್, ಈ ಸಲ ತಡೆಯುವವರಿಲ್ಲದೆ.

ಆ ಗುರುತನ್ನು ನೋಡುವುದೇ ಫ್ರೀಜ್_ಸಪೋರ್ಟ್() ಕೆಲಸ. ಗುರುತು ಕಂಡರೆ ಅದು ಮುಂದಿನ ಸಾಲಿಗೆ ಬಿಡದೆ ಮರಿಯ ಕೆಲಸಕ್ಕೆ ಹಚ್ಚುತ್ತದೆ. ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಪ್ರಾಸೆಸ್ ಮುಗಿಸುತ್ತದೆ. ಗುರುತು ಇಲ್ಲದಿದ್ದರೆ ಏನೂ ಮಾಡುವುದಿಲ್ಲ.

ಇಫ್ __ನೇಮ್__ == "__ಮೇನ್__":
    ಫ್ರೀಜ್_ಸಪೋರ್ಟ್()
    ಮೇನ್()

ಬಾಗಿಲ ಒಳಗೆ ಅದೇ ಮೊದಲ ಸಾಲಾಗಬೇಕು. ಹುಡುಗ ಮೊದಲು ಅದನ್ನು ಪೂಲಿನ ಕೆಳಗೆ ಬರೆದಿದ್ದ. ಫೋನಿನಲ್ಲೇ ಮೇಲೆ ಹಾಕಿಸಿದೆ. ಹೊಸ ಇಎಕ್ಸ್‌ಇಯನ್ನು ಗೆಳೆಯನಿಗೆ ಕಳಿಸುವ ಮೊದಲು ತನ್ನ ಲ್ಯಾಪ್‌ಟಾಪಿನಲ್ಲೇ, ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಓಡಿಸಿ ನೋಡಿದ. ನಾಲ್ಕು ಮರಿ ಹುಟ್ಟಿದವು, ನಾಲ್ಕೇ ಉಳಿದವು. ಪಟ್ಟಿಯ ಮೊದಲ ಪದ "ಮಳೆ" ಅಂತ ಬಂತು.